ಶನಿವಾರದ ಹಾಳೆ

ಮೋಹಿನಿಯ ಮುಂದಿನ ಎರಡು ಹಲ್ಲು ಹೋದದ್ದು ಒಂದು ತುಂಡು ಬಂಗುಡೆ ಮೀನಿನ ದೆಸೆಯಿಂದ. ಗಂಡ ತುಕ್ರನ ಬಟ್ಟಲಿಗೆ ನಡುವಿನ ತುಂಡು ಬೀಳಬೇಕಿತ್ತು, ಬಾಲದ ತುಂಡು ಬಿತ್ತು. ಅವನು ಗೋಡೆಗೆ ಒರಗಿಸಿಟ್ಟಿದ್ದ ಹಲಸಿನ ಮಣೆಯನ್ನು ತೆಗೆದು, ಕೂತಲ್ಲಿಂದಲೇ ಅವಳ ಬಾಯಿಗೆ ಬೀಸಿದ. ಆ ಶಬ್ದ ಹೊರಗಿನಿಂದ ಕೇಳಿಸಿದ್ದಲ್ಲ, ತಲೆಯ ಒಳಗೇ ಒಣಕಡ್ಡಿ ಮುರಿದ ಹಾಗಿತ್ತು. ತುಕ್ರ ಊಟ ಮುಂದುವರಿಸಿದ. ಅವಳು ನೆಲದ ಮೇಲೆ ಕೈಯಾಡಿಸಿ ಹಲ್ಲು ಹುಡುಕಿದಳು. ರಕ್ತ ಗಲ್ಲದಿಂದ ತೊಟ್ಟಿಕ್ಕಿ ಸಾರಿನ ಪಾತ್ರೆಗೆ ಬೀಳುತ್ತಿತ್ತು. ಪಾತ್ರೆಯನ್ನು ಪಕ್ಕಕ್ಕೆ ಸರಿಸಬೇಕೆಂದು ಆಗಲೂ ಅವಳಿಗೆ ತೋಚಿತು.

ಮರುದಿನ ಬೆಂಗ್ರೆಯಿಂದ ದೋಣಿಯಲ್ಲಿ ಹೊಳೆ ದಾಟಿ, ಬಂದರಿನಲ್ಲಿ ಬಸ್ಸು ಹಿಡಿದು, ಕರ್ಚೀಫಿನಲ್ಲಿ ಹಲ್ಲು ಕಟ್ಟಿಕೊಂಡು ಕದ್ರಿಯ ಒಂದು ಹಲ್ಲಿನ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಬಂದು ಕೂತಳು. ಆಗ ಅವಳಿಗೆ ಮೂವತ್ತನಾಲ್ಕು. ಡಾಕ್ಟರ್ ನೀರಜಾಕ್ಷಿ ಹಲ್ಲು ಮತ್ತೆ ಕೂರಿಸಲು ಆಗುವುದಿಲ್ಲವೆಂದರು. ಕಟ್ಟಿಸಿದ ಹಲ್ಲು ಹಾಕಿಕೊಟ್ಟರು. ವಾರವಾರ ಬರುತ್ತಿದ್ದವಳು ಸುಮ್ಮನೆ ಕೂರದೆ ಕಸ ಗುಡಿಸಿದಳು, ಉಪಕರಣ ತೊಳೆದಳು. ಆರನೆಯ ವಾರ ಡಾಕ್ಟರೇ ಕೇಳಿದರು: "ಮೋಹಿನಿ, ನಾಳೆಯಿಂದ ದಿನಾ ಬರ್ತೀಯಾ?" ಅದೇ ವರ್ಷ ತುಕ್ರ ರತ್ನಗಿರಿ ಕಡೆಯ ಬೋಟಿಗೆ ಹೋದವನು ಹಿಂದೆ ಬರಲಿಲ್ಲ. ಬದುಕಿದ್ದಾನೆ ಎಂದು ಯಾರೋ ಹೇಳಿದರು. ಅವಳು ವಿಚಾರಿಸಲು ಹೋಗಲಿಲ್ಲ.

ಹನ್ನೆರಡು ವರ್ಷ ಕಳೆದ ಮೇಲೆ ಈಗ ಕ್ಲಿನಿಕ್ಕಿನಲ್ಲಿ ಅವಳ ಕೆಲಸ ಮಕ್ಕಳದ್ದು. ತಂತಿ ಕಟ್ಟಿಸಿಕೊಳ್ಳಲು ನಾಚುವ ಕಾಲೇಜಿನ ಮಕ್ಕಳಿಗೆ ಡಾಕ್ಟರು ಅಲೈನರ್ ಹಾಕುತ್ತಾರೆ. ಹಲ್ಲಿನ ಮೇಲೆ ಕೂರುವ, ನೀರಿನಷ್ಟು ತಿಳಿಯಾದ ಪ್ಲಾಸ್ಟಿಕ್ಕಿನ ಟ್ರೇ. ಹತ್ತು ದಿನಕ್ಕೊಂದು ಹೊಸ ಟ್ರೇ, ಪ್ರತಿಯೊಂದೂ ಹಲ್ಲನ್ನು ಕೂದಲೆಳೆಯಷ್ಟು ಸರಿಸುತ್ತದೆ. ಆದರೆ ದಿನಕ್ಕೆ ಇಪ್ಪತ್ತೆರಡು ಗಂಟೆ ಬಾಯಲ್ಲೇ ಇರಬೇಕು. ತಿನ್ನುವಾಗ, ಹಲ್ಲುಜ್ಜುವಾಗ ಮಾತ್ರ ತೆಗೆಯಬಹುದು. ಹದಿನೈದು ಹದಿನಾರರ ಮಕ್ಕಳು ಅದನ್ನು ಎಲ್ಲೆಲ್ಲೋ ಬಿಟ್ಟು ಬರುತ್ತಾರೆ. ಉಬೈದ್ ಎಂಬ ಹುಡುಗ ಹಂಪನಕಟ್ಟೆಯ ಹೋಟೆಲಿನಲ್ಲಿ ಟಿಶ್ಯೂ ಕಾಗದದಲ್ಲಿ ಸುತ್ತಿಟ್ಟು ಮರೆತಿದ್ದ. ಮೋಹಿನಿ ಅವನ ಜೊತೆಗೇ ಹೋಗಿ ಹೋಟೆಲಿನ ಹಿಂದಿನ ಕಸದ ಡ್ರಮ್ಮಿಗೆ ಕೈ ಹಾಕಿ, ಬಿರಿಯಾನಿಯ ಮೂಳೆಗಳ ನಡುವಿನಿಂದ ಅದನ್ನು ಎತ್ತಿದಳು.

"ಇದನ್ನು ನಾನು ಇನ್ನು ಬಾಯಿಗೆ ಹಾಕುದಾ?"

"ಬಾಯಿಂದ ತೆಗೆದದ್ದು ಯಾರು ಮಾರಾಯ, ನಾನಾ? ತೊಳೆದು ಕೊಡ್ತೇನೆ. ಪುನಃ ಬಿಟ್ಟರೆ ಡ್ರಮ್ಮಿಗೆ ನೀನೇ ಇಳೀಬೇಕು."

ಮಕ್ಕಳು ಹಾಕಿಕೊಳ್ಳುತ್ತಾರೋ ಇಲ್ಲವೋ ನೋಡಲು ಅವಳೇ ಒಂದು ದಾರಿ ಕಂಡುಕೊಂಡಿದ್ದಳು. ದಿನಕ್ಕೆ ನಾಲ್ಕು ಸಲ ಅವರು ಬಾಯಿಯ ಫೋಟೋ ಕಳಿಸಬೇಕು. ಮೋಹಿನಿ ಪ್ರತಿ ಮಗುವಿನ ಹೆಸರಿನಲ್ಲಿ ಒಂದು ಹಾಳೆ ಇಟ್ಟು, ದಿನಕ್ಕೊಂದು ಚೌಕ ಗೀಚಿ, ಹಾಕಿಕೊಂಡ ದಿನಕ್ಕೆ ನೀಲಿ ಬಣ್ಣ ತುಂಬುತ್ತಿದ್ದಳು. ಹಾಕದ ದಿನ ಬಿಳಿ. ಶನಿವಾರ ಸಂಜೆ ಹಾಳೆಯ ಫೋಟೋ ತೆಗೆದು ತಂದೆತಾಯಿಯ ಮೊಬೈಲಿಗೆ ಕಳಿಸುತ್ತಿದ್ದಳು. ಫೋಟೋಗೆ ಮಾತ್ರ ಟ್ರೇ ಹಾಕಿ ಮೋಸ ಮಾಡುವವರೂ ಇದ್ದರು. ಅವರೂ ಅವಳ ಕೈಯಿಂದ ತಪ್ಪಿಸಿಕೊಳ್ಳಲಿಲ್ಲ. ಹಾಕದೆ ಬಿಟ್ಟ ಹಲ್ಲಿನ ಮೇಲೆ ಟ್ರೇ ಪೂರ್ತಿ ಕೂರುವುದಿಲ್ಲ, ಹಲ್ಲಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಗಾಳಿ ಉಳಿಯುತ್ತದೆ. ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ಆ ಗಾಳಿಯನ್ನು ಅವಳು ಕಂಡುಹಿಡಿಯುತ್ತಿದ್ದಳು. ಡಾಕ್ಟರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಅದೊಂದು ಹೆಮ್ಮೆ ಅವಳಲ್ಲಿ ಇತ್ತು. ದೇವರ ಮುಂದೆ ನಿಂತಾಗಲೂ ಅದನ್ನು ಪೂರ್ತಿ ಕೆಳಗಿಡಲು ಅವಳಿಗೆ ಆಗುತ್ತಿರಲಿಲ್ಲ.

ಮೋಕ್ಷಾ ಬಂದದ್ದು ಡಿಸೆಂಬರಿನಲ್ಲಿ. ಹದಿನಾರು ವರ್ಷ, ಪಿಯುಸಿ, ಮೇಲಿನ ಹಲ್ಲು ಮುಂದಕ್ಕೆ ಚಾಚಿದ್ದವು. ತರಗತಿಯ ಹುಡುಗರು ಅವಳನ್ನು ತುರಿಮಣೆ ಎಂದು ಕರೆಯುತ್ತಿದ್ದರಂತೆ. "ಕಾಲೇಜು ಮುಗಿಯುವಾಗ ತುರಿಮಣೆಯ ಹಲ್ಲು ಮೊಂಡಾಗಿರಬೇಕು ಅಕ್ಕ," ಎಂದು ಅವಳೇ ನಕ್ಕಿದ್ದಳು. ತಂದೆ ಮೋಹನದಾಸ ಸ್ವಂತ ಟ್ರಾಲ್ ಬೋಟು ಇಟ್ಟು ತಾನೇ ನಡೆಸುವವನು. ಕುಡಿಯುವವನಲ್ಲ, ಗಟ್ಟಿ ಮಾತಾಡುವವನಲ್ಲ. ಮೊದಲ ದಿನ ಡಾಕ್ಟರಿಗೆಂದು ಐಸಿನಲ್ಲಿಟ್ಟ ಅಂಜಲ್ ಮೀನು ತಂದು, ಅವರು ತಿನ್ನುವವರಲ್ಲವೆಂದು ಗೊತ್ತಾದಾಗ ನಾಚಿ ಮೋಹಿನಿಯ ಕೈಗೆ ಕೊಟ್ಟಿದ್ದ. "ನಮ್ಮವರೇ ಅಲ್ವಾ ನೀವು. ಮಗಳನ್ನು ನೋಡಿಕೊಳ್ಳಿ. ಒಂದು ದಿನ ತಪ್ಪಿದರೂ ನನಗೆ ತಿಳಿಸಬೇಕು."

ಅವಳು ತಿಳಿಸಿದಳು. ಐದು ತಿಂಗಳು ತಪ್ಪದೆ ತಿಳಿಸಿದಳು.

ಮೋಕ್ಷಾಳ ಹಾಳೆ ವಿಚಿತ್ರವಾಗಿತ್ತು. ಸಾಲಾಗಿ ಹತ್ತು ದಿನ ಕಡು ನೀಲಿ, ಒಂದು ಫೋಟೋವೂ ತಪ್ಪಿಲ್ಲ. ಆಮೇಲೆ ನಾಲ್ಕು ಬಿಳಿ. ಮತ್ತೆ ನೀಲಿ, ಮತ್ತೆ ಬಿಳಿ. ಸೋಮಾರಿ ಮಕ್ಕಳ ಹಾಳೆ ಹಾಗಿರುವುದಿಲ್ಲ, ಅಲ್ಲಲ್ಲಿ ಉದುರಿದ ಸುಣ್ಣದ ಗೋಡೆಯ ಹಾಗಿರುತ್ತದೆ. ಎರಡು ಟ್ರೇ ಒಡೆದೂ ಬಂದವು. "ನಾಯಿ ಕಚ್ಚಿತು," ಎಂದಳು ಹುಡುಗಿ. ನಾಯಿ ಕಚ್ಚಿದ ಟ್ರೇಯಲ್ಲಿ ತೂತು ಬೀಳುತ್ತದೆ. ಇವು ಮುಂಭಾಗದಲ್ಲಿ ನೇರವಾಗಿ ಸೀಳಿದ್ದವು.

ಮೇ ತಿಂಗಳ ಆರಂಭದ ಒಂದು ಮಧ್ಯಾಹ್ನ ಮೋಹಿನಿ ಹೊಸ ಟ್ರೇ ಕೂರಿಸಲು ಅವಳ ತುಟಿ ಎತ್ತಿದಾಗ ಒಳಗಡೆ ಬಿಲ್ಲಿನಾಕಾರದ ಗಾಯ ಕಂಡಿತು. ಹಳೆಯ ಗಾಯದ ಮೇಲೆ ಹೊಸದು. ಟ್ರೇಯ ಅಂಚನ್ನು ಅಲ್ಲಿಗೆ ಹಿಡಿದರೆ ಅಚ್ಚಿಗೆ ಅಚ್ಚು ಕೂರುವಂತಿತ್ತು. ಮೋಹಿನಿಯ ಕೈ ಅಲ್ಲೇ ನಿಂತಿತು. ಹಾಳೆಯ ನೀಲಿ ಬಿಳಿ ಅವಳ ಕಣ್ಣ ಮುಂದೆ ಬಂತು, ಮತ್ತು ಅದು ಏನೆಂದು ಒಮ್ಮೆಲೇ ಗೊತ್ತಾಯಿತು. ತನ್ನ ತಾಯಿಯ ಮನೆಯಲ್ಲಿ ಹೆಂಗಸರು ಗಂಡಸರ ಬೋಟಿನ ದಿನ ಎಣಿಸುತ್ತಿದ್ದದ್ದು ಹೀಗೆಯೇ. ಹತ್ತು ದಿನ ನೀರು, ನಾಲ್ಕು ದಿನ ನೆಲ.

"ಬಾಲೆ," ಎಂದಳು ಮೆಲ್ಲಗೆ, "ಅಪ್ಪನ ಬೋಟು ಬಂದರಿನ ದಕ್ಕೆಗೆ ಬಂದದ್ದು ಯಾವತ್ತು?"

ಮೋಕ್ಷಾ ಚಾವಣಿಯ ದೀಪ ನೋಡುತ್ತಾ ಮಲಗಿದ್ದಳು. ಮೋಹಿನಿ ಹತ್ತಿ ಒದ್ದೆ ಮಾಡಿ ಗಾಯ ಒರೆಸಿದಳು.

"ಟ್ರೇ ಹಾಕಿರುವಾಗ ಹೊಡೆದರೆ ತುಟಿ ಸೀಳ್ತದೆ ಅಕ್ಕ," ಎಂದಳು ಹುಡುಗಿ, ಕಾಲೇಜಿನ ವೇಳಾಪಟ್ಟಿ ಹೇಳುವ ದನಿಯಲ್ಲಿ. "ಟ್ರೇ ಒಡೀತದೆ. ಒಡೆದದ್ದಕ್ಕೆ ಇನ್ನೊಮ್ಮೆ ಹೊಡೀತಾರೆ. ಅದಕ್ಕೇ ಬೋಟು ಬಂತು ಅಂತ ಗೊತ್ತಾದ ಕೂಡಲೇ ತೆಗೆದಿಡ್ತೇನೆ. ತೆಗೆದರೆ ಬರೀ ಕೆನ್ನೆ."

"ಮತ್ತೆ ಎಂತಕ್ಕೆ ಹೊಡೆಯುದು?"

"ಮೊದಲೆಲ್ಲ ಎಂತದಕ್ಕೂ. ಈಗ ನಿಮ್ಮ ಹಾಳೆ ಉಂಟಲ್ಲ." ಅವಳು ತಿರುಗಿ ನೋಡಿದಳು. "ಒಂದು ಬಿಳಿಗೆ ಒಂದು. ಬಲೆಯ ಹಗ್ಗ ಎರಡು ಮಡಿಕೆ ಮಾಡಿ. ಅಮ್ಮ ಅಡ್ಡ ಬಂದರೆ ಅಮ್ಮನಿಗೂ ಅಷ್ಟೇ. ನನ್ನ ಹತ್ರವೇ ಲೆಕ್ಕ ಹಾಕಿಸ್ತಾರೆ, ಒಂದು, ಎರಡು ಅಂತ. ಲೆಕ್ಕ ತಪ್ಪಿದರೆ ಮೊದಲಿಂದ."

ಅವಳು ಅಂಗಿಯನ್ನು ಸೊಂಟದ ಬಳಿ ಒಂದಿಷ್ಟು ಎತ್ತಿದಳು. ಬೆನ್ನ ಮೇಲೆ ಹಗ್ಗದ ಹುರಿ ಕೂಡ ಎಣಿಸಬಹುದಾಗಿತ್ತು. ಹಳದಿಗೆ ತಿರುಗಿದವು, ನೇರಳೆ ಬಣ್ಣದವು, ಚರ್ಮ ಎದ್ದು ಹಕ್ಕಳೆಗಟ್ಟಿದವು. ಮೋಹಿನಿ ಎಣಿಸಲಿಲ್ಲ. ಎಣಿಸುವ ಅಗತ್ಯ ಇರಲಿಲ್ಲ, ಬಿಳಿ ಚೌಕಗಳನ್ನೆಲ್ಲ ಬಿಟ್ಟವಳು ಅವಳೇ.

ಮಕ್ಕಳ ಸಹಾಯವಾಣಿಗೆ ಫೋನ್ ಮಾಡುವ, ಡಾಕ್ಟರಿಗೆ ಹೇಳುವ ಎಂದು ಮೋಹಿನಿ ಅಂದಾಗ ಮೋಕ್ಷಾ ಕುರ್ಚಿಯಿಂದ ಇಳಿದು ಅವಳ ಎರಡೂ ಕೈ ಹಿಡಿದಳು. "ಅಮ್ಮನನ್ನು ಕೊಂದು ಹಾಕ್ತಾರೆ. ಯಾರಿಗೂ ಹೇಳುದಿಲ್ಲ ಅಂತ ಹೇಳಿ. ದೇವರ ಮೇಲೆ ಹೇಳಿ." ಮೋಹಿನಿ ಆಣೆ ಇಟ್ಟಳು. ಅದು ಅವಳ ಮೊದಲ ತಪ್ಪು.

ಎರಡನೆಯದನ್ನು ಶನಿವಾರ ಮಾಡಿದಳು. ಬೆಳಿಗ್ಗೆ ಕದ್ರಿ ದೇವಸ್ಥಾನದಲ್ಲಿ ನಿಂತು ಏನೂ ಬೇಡಿಕೊಳ್ಳದೆ, ತಾನು ಮಾಡಲಿರುವುದನ್ನು ದೇವರಿಗೆ ಹೇಳಿದಳು. ಸಂಜೆ ನಾಲ್ಕು ಬಿಳಿ ಚೌಕಗಳಿಗೆ ನೀಲಿ ತುಂಬಿ ಕಳಿಸಿದಳು. ಅರ್ಧ ಗಂಟೆಯಲ್ಲಿ ಮೋಹನದಾಸನಿಂದ ಕೈಮುಗಿದ ಚಿತ್ರ ಬಂತು. ಆ ವಾರ ಹುಡುಗಿಯ ಬೆನ್ನಿಗೆ ಹೊಸ ಗಾಯ ಆಗಲಿಲ್ಲ. ಮೂರನೆಯ ಶನಿವಾರದ ಹೊತ್ತಿಗೆ ಮೋಹಿನಿ ಉಳಿದ ಮಕ್ಕಳ ಹಾಳೆಯಷ್ಟೇ ಸಲೀಸಾಗಿ ಇದಕ್ಕೂ ನೀಲಿ ತುಂಬುತ್ತಿದ್ದಳು.

ಆದರೆ ಜೂನ್ ಒಂದರಿಂದ ಮೀನುಗಾರಿಕೆಗೆ ರಜೆ. ಎರಡು ತಿಂಗಳು ಬೋಟು ನೀರಿಗೆ ಇಳಿಯುವುದಿಲ್ಲ, ಗಂಡಸರು ಮನೆಯಲ್ಲೇ. ಅರುವತ್ತು ಬಿಳಿ ಚೌಕ. ಅಷ್ಟನ್ನೂ ನೀಲಿ ಮಾಡಲು ಆಗುತ್ತದೆಯೇ, ಆ ಹುಡುಗಿ ಅಷ್ಟು ದಿನ ಉಳಿಯುತ್ತಾಳೆಯೇ ಎಂದು ಅವಳು ಯೋಚಿಸುತ್ತಿರುವಾಗಲೇ, ಮೇ ಇಪ್ಪತ್ತೆಂಟರಂದು ಬೋಟು ದಡಕ್ಕೆ ಬಂತು. ಮೋಹನದಾಸ ಮಗಳನ್ನು ಕರೆದುಕೊಂಡು ತಾನೇ ಕ್ಲಿನಿಕ್ಕಿಗೆ ಬಂದ.

ಡಾಕ್ಟರ್ ನೀರಜಾಕ್ಷಿ ಕನ್ನಡಿ ಹಿಡಿದು ಪರೀಕ್ಷಿಸಿದರು. ಅವರಿಗೆ ಏನೂ ಗೊತ್ತಿರಲಿಲ್ಲ. "ಹಲ್ಲು ಸರಿದಿಲ್ಲ," ಎಂದರು. "ಮೂರು ಟ್ರೇ ಹಿಂದೆ ಹೋಗಬೇಕಾಗ್ತದೆ. ಇವಳು ಸರಿಯಾಗಿ ಹಾಕ್ತಾ ಇಲ್ಲ."

ಮೋಹನದಾಸ ಮೊಬೈಲ್ ತೆಗೆದ. ಈಚಿನ ಹಾಳೆಗಳನ್ನು ಒಂದೊಂದಾಗಿ ನೋಡಿದ. "ಇದರಲ್ಲಿ ಪೂರ್ತಿ ನೀಲಿ ಉಂಟು ಡಾಕ್ಟ್ರೆ," ಎಂದ, ತುಂಬ ಮರ್ಯಾದೆಯಿಂದ. ಆಮೇಲೆ ಮಗಳ ಕಡೆ ತಿರುಗಿದ. "ಹಾಗಾದರೆ ಸುಳ್ಳು ಯಾರದ್ದು?"

"ನನ್ನದು," ಎಂದಳು ಮೋಹಿನಿ. "ಬಣ್ಣ ತುಂಬಿದ್ದು ನಾನು."

ಅವನಿಗೆ ಅದು ಕೇಳಿಸಿತೋ ಇಲ್ಲವೋ. ಎಡಗೈಯಲ್ಲಿ ಮಗಳ ದವಡೆ ಹಿಡಿದು, ಹೆಬ್ಬೆರಳು ಬಾಯೊಳಗೆ ತುರುಕಿ, ಟ್ರೇಯನ್ನು ಎಳೆದು ತೆಗೆದು ನೆಲಕ್ಕೆಸೆದ. ಬಲಗೈಯಿಂದ ಹೊಡೆದ. ಎರಡು ಕಲ್ಲಿನುಂಗುರದ ಕೈ. ಮೊದಲ ಏಟಿಗೆ ಅವಳ ತಲೆ ಕುರ್ಚಿಯ ಒರಗಿಗೆ ಬಡಿಯಿತು. ಎರಡನೆಯದಕ್ಕೆ ಮೂಗಿನಿಂದ ರಕ್ತ ಚಿಮ್ಮಿ ಮೇಲಿನ ದೀಪದ ಗಾಜಿಗೆ ಹಾರಿತು. "ಎಣಿಸು," ಎಂದ. ಮೋಕ್ಷಾ ಬಾಯ್ತುಂಬ ರಕ್ತದಲ್ಲಿ, "ಎರಡು," ಎಂದಳು. ಡಾಕ್ಟರ್ ಕೈಯಲ್ಲಿದ್ದ ಕನ್ನಡಿ ಕೆಳಗೆ ಬಿತ್ತು.

ಮೂರನೆಯ ಏಟಿಗೆ ಮೋಹಿನಿ ಅಡ್ಡ ಬಂದಳು. ಅದು ಅವಳ ಬಾಯಿಗೇ ಬಿತ್ತು. ಕಟ್ಟಿಸಿದ ಹಲ್ಲು ಕಳಚಿ ಗೋಡೆಗೆ ತಾಗಿ ಬಿದ್ದವು. ಅವಳು ಹಿಂದೆ ಸರಿಯಲಿಲ್ಲ. ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳ ಬುಡಕ್ಕೆ ಹಲ್ಲು ಹಾಕಿದಳು. ಮುಂದಿನ ಹಲ್ಲು ಇಲ್ಲದ್ದರಿಂದ ಬದಿಯ ಹಲ್ಲಿನಲ್ಲಿ, ನಾಯಿ ಮೂಳೆ ಹಿಡಿಯುವ ಹಾಗೆ ಹಿಡಿದಳು. ಅವನು ಅವಳ ಕಿವಿಯ ಮೇಲೆ ಗುದ್ದಿದ, ಜಡೆ ಹಿಡಿದು ಎಳೆದ, ಮೊಣಕಾಲಿನಿಂದ ಹೊಟ್ಟೆಗೆ ಒದ್ದ. ಅವಳು ಬಿಡಲಿಲ್ಲ. ಚರ್ಮ ಹರಿದು ಬಾಯಿಗೆ ಉಪ್ಪು ಬಂತು. ಹೊರಗೆ ಕೂತಿದ್ದ ಉಬೈದನ ತಂದೆ ಶುಕೂರ್, ನಂತೂರಿನ ಲಾರಿ ಚಾಲಕ, ಬಾಗಿಲು ತಳ್ಳಿ ಒಳಗೆ ಬಂದು ಮೋಹನದಾಸನನ್ನು ಹಿಂದಿನಿಂದ ತಬ್ಬಿ ಹಿಡಿದ. "ಸಾಕು ಮಾರಾಯ, ಸಾಕು," ಎನ್ನುತ್ತಾ ಅವನನ್ನು ನೆಲಕ್ಕೆ ಕೂರಿಸಿ ಬೆನ್ನ ಮೇಲೆ ತನ್ನ ಭಾರ ಹಾಕಿದ. ಡಾಕ್ಟರ್ ಅಷ್ಟರಲ್ಲಿ ಪೊಲೀಸರಿಗೆ ಫೋನ್ ಮಾಡಿದ್ದರು.

ಠಾಣೆಯಲ್ಲಿ ಎಲ್ಲ ತಿರುವುಮುರುವಾಯಿತು. ಮೋಹನದಾಸ ಬಟ್ಟೆ ಸುತ್ತಿದ ಕೈ ತೋರಿಸಿ, ಈ ಹೆಂಗಸು ಸುಳ್ಳು ಹಾಳೆ ಕಳಿಸಿ ಮಗಳನ್ನು ಹಾಳು ಮಾಡಿದಳು, ಕೇಳಿದ್ದಕ್ಕೆ ಕಚ್ಚಿದಳು ಎಂದು ತಣ್ಣಗೆ ಬರೆಯಿಸಿದ. ಒಂದೆರಡು ಏಟು ಕೊಟ್ಟದ್ದು ಹೌದು, ತಂದೆಯಲ್ಲವೇ ಎಂದ. ಮೋಕ್ಷಾ ತಾಯಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ತಾಯಿ ಸುಪ್ರೀತಾ ಸೀರೆಯ ಸೆರಗನ್ನು ಭುಜದ ತುಂಬ ಹೊದ್ದುಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದಳು. ಮಗಳ ಬೆನ್ನಿನ ಗುರುತು ಎಂತದ್ದು ಎಂದು ಮಹಿಳಾ ಎಸ್ಐ ಕೇಳಿದರೆ, "ಮೆಟ್ಟಿಲಿನಿಂದ ಬಿದ್ದದ್ದು ಮೇಡಂ," ಎಂದಳು. ಎಸ್ಐ ಪೆನ್ನು ಕೆಳಗಿಟ್ಟರು. ಮನೆಯವರು ಹೀಗಂದರೆ ನಾಳೆ ಅವನು ಮನೆಯಲ್ಲಿರುತ್ತಾನೆ ಎಂದು ಡಾಕ್ಟರಿಗೆ ಮೆಲ್ಲಗೆ ಹೇಳಿದರು. ನಾಲ್ಕು ದಿನ ಬಿಟ್ಟರೆ ರಜೆ ಶುರು.

ಮೋಹಿನಿ ಎದ್ದುಹೋಗಿ ಸುಪ್ರೀತಾಳ ಪಕ್ಕ ಕೂತಳು. ತುಟಿ ಬಾತು ಮಾತು ತೊದಲುತ್ತಿತ್ತು. ಫ್ಯಾನು ತಿರುಗುತ್ತಿತ್ತು. ಕಾನ್‌ಸ್ಟೇಬಲ್ ಒಬ್ಬ ಚಹಾ ತಂದಿಟ್ಟು ಹೋದ. ಅದು ತಣ್ಣಗಾಗಿ ಮೇಲೆ ಕೆನೆ ಕಟ್ಟಿತು.

ಕೊನೆಗೆ ಸುಪ್ರೀತಾಳೇ ಕೇಳಿದಳು, ಗೋಡೆ ನೋಡುತ್ತಾ. "ನೀನು ಯಾಕೆ ಕಳಿಸ್ತಿದ್ದಿ ಆ ಹಾಳೆ?"

"ಒಳ್ಳೆದಾಗ್ತದೆ ಅಂತ."

"ಶನಿವಾರ ಮಧ್ಯಾಹ್ನದಿಂದ ನನಗೆ ಅನ್ನ ಇಳೀತಿರಲಿಲ್ಲ. ಐದೂವರೆಗೆ ಅವರ ಮೊಬೈಲಿನಲ್ಲಿ ಟಿಂಗ್ ಅಂತಿತ್ತು. ಅವರು ನೋಡಿ, ಹೋಗಿ ಹಗ್ಗ ತರ್ತಿದ್ದರು. ಬೋಟಿನಲ್ಲಿರುವಾಗ ಬಂದದ್ದನ್ನೂ ಕೂಡಿಸಿಟ್ಟು ತರ್ತಿದ್ದರು. ಹೊಡೆದದ್ದು ಅವರು. ಎಷ್ಟು ಅಂತ ಹೇಳಿದ್ದು ನೀನು."

"ಹೌದು," ಎಂದಳು ಮೋಹಿನಿ.

ಸುಪ್ರೀತಾ ಮೊದಲ ಬಾರಿ ಅವಳ ಕಡೆ ತಿರುಗಿದಳು. ಇಲ್ಲ ಎನ್ನುತ್ತಾಳೆ, ಗೊತ್ತಿರಲಿಲ್ಲ ಎನ್ನುತ್ತಾಳೆ ಎಂದುಕೊಂಡಿದ್ದಳೇನೋ.

"ಇದನ್ನು ಅಲ್ಲಿ ಹೇಳಿ," ಎಂದಳು ಮೋಹಿನಿ. "ನನ್ನ ಹೆಸರೇ ಮೊದಲು ಬರೆಯಿಸಿ. ನನ್ನಿಂದ ಶುರು ಮಾಡಿ. ನನ್ನ ಹಲ್ಲು ಹೋದಾಗ ನಾನು ಬಚ್ಚಲಲ್ಲಿ ಜಾರಿದೆ ಅಂತ ಹೇಳಿದ್ದು. ಡಾಕ್ಟ್ರು ಬರೆದುಕೊಂಡರು. ಇವತ್ತಿಗೂ ಆ ಪುಸ್ತಕದಲ್ಲಿ ಹಾಗೇ ಉಂಟು. ನನಗಾದರೆ ಮಕ್ಕಳಿರಲಿಲ್ಲ."

ಒಳಕೋಣೆಯಿಂದ ಮೋಹನದಾಸ ಯಾರೊಡನೆಯೋ ನಗುವ ಸದ್ದು ಕೇಳಿಸಿತು. ಸುಪ್ರೀತಾ ಎದ್ದು ಎಸ್ಐಯ ಮೇಜಿನ ಬಳಿ ಹೋಗಿ, ಹೊದ್ದುಕೊಂಡ ಸೆರಗನ್ನು ಎರಡೂ ಭುಜದಿಂದ ಇಳಿಸಿದಳು. ತೋಳಿನಿಂದ ಕುತ್ತಿಗೆಯ ತನಕ ಹುರಿಯ ಗುರುತು ಇತ್ತು. ಎಸ್ಐ ಎದ್ದು ಬಾಗಿಲು ಹಾಕಿ ಬಂದು ಪೆನ್ನು ತೆಗೆದುಕೊಂಡರು.

"ಎಲ್ಲಿಂದ ಬರೀಲಿ?"

"ಮೊದಲು ಇವಳ ಹೆಸರು ಬರೀರಿ," ಎಂದಳು ಸುಪ್ರೀತಾ. "ಮೋಹಿನಿ ಅಂತ. ಕದ್ರಿ ಕ್ಲಿನಿಕ್ಕಿನಲ್ಲಿ ಕೆಲಸ."

ಮೋಕ್ಷಾಳನ್ನು ಹೊರಗೆ ಕಳಿಸಲೇ ಎಂದು ಕೇಳಿದಾಗ ಹುಡುಗಿ ಬೇಡವೆಂದಳು. ತಾಯಿಯ ಮಾತು ಕಟ್ಟಿದ ಕಡೆ ತಾನು ಹೇಳಿದಳು.

ಜೂನ್ ಮೊದಲ ವಾರ ಮೋಕ್ಷಾ ಉಳ್ಳಾಲದ ಚಿಕ್ಕಮ್ಮನ ಮನೆಯಿಂದ ಬಸ್ಸಿನಲ್ಲಿ ಕ್ಲಿನಿಕ್ಕಿಗೆ ಬಂದಳು. ತಂದೆ ಆ ಮನೆಯ ಹತ್ತಿರ ಸುಳಿಯಬಾರದೆಂದು ಆದೇಶ ಆಗಿತ್ತು. ಅವನು ಸುಳಿಯುವುದಿಲ್ಲವೆಂದು ಯಾರೂ ನಂಬಿರಲಿಲ್ಲ, ಚಿಕ್ಕಮ್ಮನ ಗಂಡ ಬಾಗಿಲಿಗೆ ಎರಡನೆಯ ಚಿಲಕ ಹಾಕಿಸಿದ್ದ. ಡಾಕ್ಟರ್ ಎಕ್ಸ್‌ರೇ ನೋಡಿದರು. ಮುಂದಿನ ಎರಡು ಹಲ್ಲಿನ ಬುಡ ಸಡಿಲವಾಗಿದೆ, ಮೂರು ತಿಂಗಳು ಅಲೈನರ್ ಮುಟ್ಟುವ ಹಾಗಿಲ್ಲ, ಆಮೇಲೆ ಮೊದಲಿನಿಂದ ಶುರು ಎಂದರು. ಆ ಹಲ್ಲು ಉಳಿಯುತ್ತವೆಂಬ ಭರವಸೆ ಕೊಡಲಿಲ್ಲ.

ಮೋಹಿನಿ ಈಗ ಯಾವ ತಂದೆತಾಯಿಗೂ ಹಾಳೆ ಕಳಿಸುವುದಿಲ್ಲ. ಹಾಳೆ ಮಕ್ಕಳ ಕೈಯಲ್ಲೇ ಇರುತ್ತದೆ, ಬಣ್ಣ ತುಂಬುವುದೂ ಅವರೇ. ಬಿಳಿ ಕಂಡರೆ ಅವಳು ಮೊದಲು ಕೇಳುವುದು, "ಆ ದಿನ ಎಂತ ಆಯ್ತು?" ಆಮೇಲೆ ಕಾಯುತ್ತಾಳೆ. ಬಹಳಷ್ಟು ಸಲ ಉತ್ತರ ಬಿರಿಯಾನಿಯೇ ಆಗಿರುತ್ತದೆ.

ಅಂದು ಎಕ್ಸ್‌ರೇ ಮುಗಿದ ಮೇಲೂ ಮೋಕ್ಷಾ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಳು. ರಿಸೆಪ್ಷನ್ನಿನ ಅಶ್ಮಿತಾ ಕೈಗವಸು ಹಾಕಿಕೊಂಡು ಹಲ್ಲು ಒರೆಸಲು ಬಂದಾಗ ಹುಡುಗಿ ತಲೆ ತಿರುಗಿಸಿದಳು.

"ನಿಮ್ಮ ಮೇಲೆ ಕೋಪ ಹೋಗಿಲ್ಲ ನನಗೆ," ಎಂದಳು ಮೋಹಿನಿಗೆ. "ಹೋಗುದಿಲ್ಲ ಅಂತ ಕಾಣ್ತದೆ."

"ಇರಲಿ ಬಾಲೆ."

"ಆದರೆ ಕೈ ನೀವೇ ಹಾಕಿ. ಅಶ್ಮಿತಕ್ಕನ ಉಗುರು ತಾಗ್ತದೆ."

ಮೋಹಿನಿ ಕೈ ತೊಳೆದುಕೊಂಡು ಬಂದಳು. ಸಡಿಲವಾದ ಹಲ್ಲಿನ ಮೇಲೆ ತೋರುಬೆರಳನ್ನು ಇಟ್ಟಳು, ಒತ್ತಲಿಲ್ಲ.